ಗುಂಡ್ಲುಪೇಟೆಯಲ್ಲಿ ಇಳಿದುಕೊಂಡವರಿಗೆ ಕಾಣುವ ಕಾಡು

(ಮೈಸೂರಿನಲ್ಲಿ ಪ್ರವಾಸಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಅಧ್ಯಕ್ಷರೇ, ಆತ್ಮೀಯ ಮಿತ್ರರೇ,

ಮೈಸೂರಿನವರ ಮುಂದೆ ನಿಂತು ಗುಂಡ್ಲುಪೇಟೆಯನ್ನು ಪರಿಚಯಿಸುವುದು ಅಧಿಕಪ್ರಸಂಗವಾದೀತು. ಊಟಿಗೆ ಹೊರಟಾಗಲೋ ವಯನಾಡಿಗೆ ಹೊರಟಾಗಲೋ ಇಲ್ಲಿ ಕುಳಿತಿರುವ ಎಲ್ಲರೂ ಆ ಊರನ್ನು ದಾಟಿದ್ದೇವೆ, ಅಲ್ಲಿ ಕಾಫಿ ಕುಡಿದಿದ್ದೇವೆ, ಗಾಡಿಗೆ ಪೆಟ್ರೋಲ್ ಹಾಕಿಸಿದ್ದೇವೆ, ಮಕ್ಕಳಿಗೆ ನೇಂದ್ರ ಬಾಳೆಯ ಚಿಪ್ಸ್ ಕೊಡಿಸಿದ್ದೇವೆ. ಅಲ್ಲಿ ಒಂದು ರಾತ್ರಿ ತಂಗಿದವರು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ಕೈ ಎತ್ತುವವರು ವಿರಳ. ಈ ಸಂಜೆ ನಾನು ನಿಮ್ಮಲ್ಲಿ ಮಾಡಿಕೊಳ್ಳುವ ವಿನಂತಿ ಒಂದೇ. ಬಂಡೀಪುರದ ಕಾಡನ್ನು ನೋಡಬೇಕೆಂದಿರುವವರು ಕಾಡಂಚಿನ ರೆಸಾರ್ಟಿಗೆ ನೇರವಾಗಿ ಹೋಗುವ ಬದಲು ಗುಂಡ್ಲುಪೇಟೆಯಲ್ಲಿ ಇಳಿದುಕೊಳ್ಳಬೇಕು, ಆ ಊರಿನ ಸಂತೆ, ಹೊಲ, ಗುಡಿ ಮತ್ತು ರಾತ್ರಿಯನ್ನು ನೋಡಬೇಕು, ಆಮೇಲೆ ಕಾಡಿನ ಕಡೆಗೆ ಮುಖ ಮಾಡಬೇಕು. ಆ ಕಾಡು ಹೇಗೆ ಉಳಿದುಕೊಂಡಿದೆ, ಯಾರ ಖರ್ಚಿನಲ್ಲಿ ಉಳಿದುಕೊಂಡಿದೆ ಎಂಬುದು ಸಫಾರಿ ಜೀಪಿನ ಮೇಲೆ ಕುಳಿತವರಿಗೆ ಕಾಣುವುದಿಲ್ಲ.

ಊರು ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಅದು ನಮ್ಮದೇ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿತ್ತು. ಇಂದಿಗೂ ಅಲ್ಲಿನ ಜನ ದೊಡ್ಡ ಆಸ್ಪತ್ರೆಗೂ ಮದುವೆಯ ಜವಳಿಗೂ ಚಾಮರಾಜನಗರಕ್ಕಿಂತ ಮೈಸೂರಿಗೇ ಹೆಚ್ಚಾಗಿ ಬರುತ್ತಾರೆ. ರೈಲಿಲ್ಲದ ಊರು, ಆದ್ದರಿಂದ ಎಲ್ಲವೂ ಬಸ್ಸಿನ ಮೇಲೆ ನಿಂತಿದೆ. ನಂಜನಗೂಡಿನವರೆಗೆ ಕಪಿಲೆಯ, ಅಂದರೆ ಕಬಿನಿಯ, ನಾಲೆಯ ಹಸಿರು ನಮ್ಮ ಜೊತೆಗೇ ಬರುತ್ತದೆ, ಬೇಗೂರು ಸಮೀಪಿಸುತ್ತಿದ್ದಂತೆ ಹೊಲಗಳು ಮಳೆಯನ್ನು ನಂಬಿದ ಬೇಸಾಯಕ್ಕೆ ತಿರುಗುತ್ತವೆ, ದಕ್ಷಿಣದ ದಿಗಂತದಲ್ಲಿ ನೀಲಗಿರಿಯ ಸಾಲು ಮೇಲೆದ್ದು ನಿಲ್ಲುತ್ತದೆ. ಬೆಟ್ಟದ ಬುಡದ ಊರು ಎಂದಾಕ್ಷಣ ಮಡಿಕೇರಿಯಂತೆ ಮಳೆ ಸುರಿಯುವ ಊರೆಂದು ಎಣಿಸಬಾರದು. ಮುಂಗಾರಿನ ಮೋಡಗಳು ವಯನಾಡು ಮತ್ತು ನೀಲಗಿರಿಯ ಆಚೆ ಮಗ್ಗುಲಿನಲ್ಲೇ ಬಹುಪಾಲು ಬರಿದಾಗುವುದರಿಂದ ಗುಂಡ್ಲುಪೇಟೆಗೆ ಜುಲೈನಲ್ಲಿ ಸಿಗುವುದು ಗಾಳಿ, ಮೋಡ ಮತ್ತು ತುಂತುರು ಮಾತ್ರ. ಅಲ್ಲಿನ ರೈತರು ನಂಬುವುದು ಮೇ ತಿಂಗಳ ಗುಡುಗು ಮಳೆಯನ್ನು ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆಯನ್ನು. ಊರ ಪಕ್ಕದ ಗುಂಡ್ಲು ಹೊಳೆ, ಅಂದರೆ ಪುರಾಣದ ಕೌಂಡಿನ್ಯ ನದಿ, ವರ್ಷದ ಬಹುಕಾಲ ಹೊಳೆ ಎಂದು ಕರೆಸಿಕೊಳ್ಳುವಷ್ಟು ನೀರನ್ನು ಕಾಣುವುದಿಲ್ಲ. ನಂಜನಗೂಡಿನ ಸಂಗಮದಲ್ಲಿ ಕಪಿಲೆಗೆ ಬಂದು ಸೇರುವುದು ಈ ಹೊಳೆಯೇ.

ಈ ಒಣ ಊರಿಗೂ ಮೈಸೂರು ಅರಸರ ಚರಿತ್ರೆಗೂ ಇರುವ ನಂಟು ಬಹಳ ಮಂದಿಗೆ ತಿಳಿದಿಲ್ಲ. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮೊದಲು ತಮ್ಮ ಯೌವನದ ಕೆಲಕಾಲವನ್ನು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗಿರುವ ಹಂಗಳದಲ್ಲಿ, ಬಹುತೇಕ ಸೆರೆಯಲ್ಲಿದ್ದಂತೆಯೇ, ಕಳೆದರೆಂದು ಇತಿಹಾಸಕಾರರು ಬರೆದಿದ್ದಾರೆ. ಮುಂದೆ ಅವರ ಮಂತ್ರಿಯಾದ ಯಳಂದೂರಿನ ವಿಶಾಲಾಕ್ಷ ಪಂಡಿತನ ಸ್ನೇಹ ಅಲ್ಲಿಯೇ ಬೆಳೆದದ್ದು. ಸಿಂಹಾಸನವನ್ನೇರಿದ ಮೇಲೆ ಅವರು ಗುಂಡ್ಲುಪೇಟೆಯಲ್ಲಿ ತೀರಿಕೊಂಡ ತಮ್ಮ ತಂದೆಯ ನೆನಪಿಗೆ ಹೊಳೆಯ ದಂಡೆಯ ಮೇಲೆ ಪರವಾಸುದೇವರ ದೇವಾಲಯವನ್ನು ಕಟ್ಟಿಸಿದರು. ಪೂಜೆ ನಿಂತು ಬಹುಕಾಲ ಪಾಳುಬಿದ್ದಿದ್ದ ಆ ಕಟ್ಟಡದ ಪಕ್ಕದಲ್ಲೇ ನಾವೆಲ್ಲ ಊಟಿಗೆ ಹೋಗುತ್ತೇವೆ. ಊರೊಳಗಿನ ವಿಜಯನಾರಾಯಣಸ್ವಾಮಿ ಗುಡಿ ಅದಕ್ಕಿಂತ ಎಷ್ಟೋ ಹಳೆಯದು, ಗಾತ್ರದಲ್ಲಿ ಚಿಕ್ಕದು. ಪಂಚನಾರಾಯಣ ಕ್ಷೇತ್ರಗಳನ್ನು ಎಣಿಸುವ ಕೆಲವು ಪಟ್ಟಿಗಳಲ್ಲಿ ಈ ಗುಡಿಯ ಹೆಸರೂ ಬರುತ್ತದೆ. ಬೇಲೂರು, ಸೋಮನಾಥಪುರಗಳ ಕೆತ್ತನೆಯನ್ನು ಕಣ್ಣಲ್ಲಿಟ್ಟುಕೊಂಡು ಹೋದವರಿಗೆ ಅದು ಸಪ್ಪೆಯೆನಿಸಬಹುದು. ನನಗಂತೂ ಅಲಂಕಾರವಿಲ್ಲದ ಆ ಗೋಡೆಗಳೇ ಹಿತವೆನಿಸಿವೆ. ಸಮಯವಿದ್ದವರು ತೆರಕಣಾಂಬಿಗೂ ಅದರ ಪಕ್ಕದ ತ್ರಿಯಂಬಕಪುರಕ್ಕೂ ಹೋಗಿಬರಬಹುದು. ಹುಲುಗನಮುರಡಿ ಬೆಟ್ಟದ ವೆಂಕಟರಮಣಸ್ವಾಮಿಯೂ ಅದೇ ದಿಕ್ಕಿನಲ್ಲಿದ್ದಾನೆ.

ಊರಿನ ಈಚಿನ ಚರಿತ್ರೆಯಲ್ಲಿ ಎರಡು ಹೆಸರುಗಳನ್ನು ಬಿಟ್ಟು ಮುಂದೆ ಹೋಗಲಾಗದು. ಗುಂಡ್ಲುಪೇಟೆಯಿಂದ ಮತ್ತೆ ಮತ್ತೆ ಗೆದ್ದು ಬಂದ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ರಾಜ್ಯದಲ್ಲಿ ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಇನ್ನೊಬ್ಬರು ಅಬ್ದುಲ್ ನಜೀರ್ ಸಾಬ್. ಮೈಸೂರಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯ ಫಲಕದ ಮೇಲೆ ಅವರ ಹೆಸರನ್ನು ದಿನವೂ ನೋಡುವ ನಾವು, ಅವರು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ ಎಂಬುದನ್ನು ಮರೆತಿದ್ದೇವೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ ಅವರು ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸುವ ಕೆಲಸವನ್ನು ಹಟ ಹಿಡಿದು ಮಾಡಿಸಿದರು. ಜನ ಅವರನ್ನು ನೀರ್ ಸಾಬ್ ಎಂದು ಕರೆದರು. 1988ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಚುನಾಯಿತ ಸಂಸ್ಥೆಗಳಾಗಿ ಕೆಲಸ ಆರಂಭಿಸಿದ್ದವು. ಮಳೆಯ ನೆರಳಿನ ಊರಿನಲ್ಲಿ ಬೆಳೆದವರಿಗೆ ಒಂದು ಬಿಂದಿಗೆ ನೀರಿನ ಬೆಲೆ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಈಗ ಕಬಿನಿಯಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸಲಾಗುತ್ತಿದೆ. ಕೆರೆ ತುಂಬಿದ ಊರುಗಳಲ್ಲಿ ಬಾಳೆ, ಅರಿಶಿನ ಮತ್ತು ತರಕಾರಿ ಹೆಚ್ಚಾಗಿರುವುದನ್ನು ಬಸ್ಸಿನ ಕಿಟಕಿಯಿಂದಲೇ ಗುರುತಿಸಬಹುದು.

ಬೆಳೆಗಳ ಮಾತು ಬಂತು. ಜೂನ್, ಜುಲೈ ತಿಂಗಳಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲಿ ಸೂರ್ಯಕಾಂತಿ ಮತ್ತು ಚೆಂಡು ಹೂವಿನ ಹೊಲಗಳು ಅರಳಿ ನಿಲ್ಲುತ್ತವೆ. ಕೇರಳದಿಂದ ಬಂದ ಕುಟುಂಬಗಳು ಗಾಡಿ ನಿಲ್ಲಿಸಿ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತವೆ, ಕೆಲವು ರೈತರು ಬದುವಿನ ಮೇಲೆ ಕುರ್ಚಿ ಹಾಕಿ ಕುಳಿತು ತಲೆಗಿಷ್ಟು ಎಂದು ವಸೂಲಿಯನ್ನೂ ಮಾಡುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ತುಳಿದು ಹಾಳಾದ ಗಿಡಕ್ಕೆ ಯಾರೂ ಬೆಲೆ ಕಟ್ಟಿಕೊಡದಿರುವಾಗ ಆ ವಸೂಲಿಯಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆ ಚೆಂಡು ಹೂವಿನ ದೊಡ್ಡ ಪಾಲು ಹಾರಕ್ಕೂ ಪೂಜೆಗೂ ಹೋಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕಂಪನಿಗಳು ಬಿತ್ತನೆಗೆ ಮೊದಲೇ ರೈತರೊಡನೆ ಒಪ್ಪಂದ ಮಾಡಿಕೊಂಡು ಹೂವನ್ನು ಖರೀದಿಸುತ್ತವೆ, ಒಣಗಿಸಿ ಅದರ ಹಳದಿ ಬಣ್ಣವನ್ನು ಬೇರ್ಪಡಿಸುತ್ತವೆ; ಆ ಬಣ್ಣ ಕೋಳಿಗಳ ಆಹಾರದಲ್ಲಿ ಸೇರಿ ಮೊಟ್ಟೆಯ ಭಂಡಾರಕ್ಕೆ ಗಾಢ ಹಳದಿಯನ್ನು ಕೊಡುತ್ತದೆ, ಔಷಧ ತಯಾರಿಕೆಗೂ ಬಳಕೆಯಾಗುತ್ತದೆ. ಕಾಡಂಚಿನ ರೈತರು ಈ ಹೂವನ್ನು ಬೆಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಆನೆಯಾಗಲಿ ಹಂದಿಯಾಗಲಿ ಚೆಂಡು ಹೂವನ್ನು ಬಾಳೆ, ರಾಗಿ, ಮುಸುಕಿನ ಜೋಳಗಳಂತೆ ಬಯಸಿ ಬಂದು ತಿನ್ನುವುದಿಲ್ಲ. ಪ್ರವಾಸಿಗೆ ಚೆಲುವಾಗಿ ಕಾಣುವ ಹೊಲದ ಹಿಂದೆ ರೈತನ ಇಂಥ ಲೆಕ್ಕಾಚಾರವಿದೆ.

ಗುಂಡ್ಲುಪೇಟೆಯ ಮತ್ತು ತೆರಕಣಾಂಬಿಯ ತರಕಾರಿ ಮಾರುಕಟ್ಟೆಗಳನ್ನು ನೋಡದೆ ಯಾರೂ ವಾಪಸು ಬರಬಾರದು. ಟೆಂಪೋ, ಆಟೋ, ಬೈಕುಗಳ ಮೇಲೆ ಮೂಟೆಗಳು ಬಂದು ಇಳಿಯುತ್ತವೆ. ಬೂದುಗುಂಬಳ ಗುಡ್ಡೆಯಾಗಿ ಬೀಳುತ್ತದೆ, ಸಾಂಬಾರ್ ಸೌತೆ, ಬೀಟ್‌ರೂಟ್, ಎಲೆಕೋಸು, ಹಸಿಮೆಣಸಿನಕಾಯಿ ರಾಶಿಗಳು ಬೇರೆಬೇರೆಯಾಗಿ ನಿಲ್ಲುತ್ತವೆ, ಸಣ್ಣ ಈರುಳ್ಳಿಯ ಚೀಲದ ಬಾಯಿ ಬಿಚ್ಚಿ ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಎಷ್ಟು ಒಣಗಿದೆ ಎಂದು ನೋಡುತ್ತಾನೆ. ಹರಾಜು ಕೂಗುವವನು ಕನ್ನಡದಲ್ಲಿ ಆರಂಭಿಸಿ ಮಲಯಾಳದಲ್ಲಿ ಮುಗಿಸುತ್ತಾನೆ. ಕೊಳ್ಳುವವರ ಪೈಕಿ ಬಹಳ ಮಂದಿ ಸುಲ್ತಾನ್ ಬತ್ತೇರಿ, ಕೋಯಿಕ್ಕೋಡಿನ ಕಡೆಯವರು. ಅಂಗಡಿಗಳ ಫಲಕಗಳಲ್ಲೂ ಮಲಯಾಳ ಅಕ್ಷರಗಳು ಕಾಣುತ್ತವೆ. ಓಣಂ ಹತ್ತಿರ ಬಂದಂತೆ ಈ ಮಾರುಕಟ್ಟೆಯ ಧಾರಣೆ ಏರುವುದನ್ನು ಇಲ್ಲಿನ ಪ್ರತಿ ರೈತನೂ ಕಾಯುತ್ತಾನೆ, ಬಿತ್ತನೆಯ ದಿನವನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾನೆ. ಆಚೆ ಮಗ್ಗುಲಿನಲ್ಲಿ ಮಳೆ ಅತಿಯಾಗಿ ಘಾಟಿ ರಸ್ತೆ ಕುಸಿದ ವರ್ಷ ಅದೇ ತರಕಾರಿ ಕೇಳುವವರಿಲ್ಲದೆ ದನಗಳ ಪಾಲಾಗುತ್ತದೆ. ಮಾರುಕಟ್ಟೆಯ ಹೊರಗಿನ ಸಣ್ಣ ಹೋಟೆಲಿನಲ್ಲಿ ಮುದ್ದೆ, ಉಪ್ಸಾರು, ಅದಕ್ಕೆ ಕಲಸಿಕೊಳ್ಳಲು ಅರೆದ ಖಾರ ಸಿಗುತ್ತದೆ. ಹುರುಳಿಕಾಳಿನ ಉಪ್ಸಾರು ಸಿಕ್ಕ ದಿನ ಬೇರೆ ಯಾವ ಊಟವನ್ನೂ ಕೇಳದಿರುವುದು ಒಳ್ಳೆಯದು ಎಂಬುದು ನನ್ನ ಸ್ವಂತ ಅಭಿಪ್ರಾಯ.

ಊರಿನಲ್ಲಿ ಏಕೆ ರಾತ್ರಿ ಉಳಿಯಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಹೆದ್ದಾರಿಗೆ ಸಂಬಂಧಿಸಿದ್ದು. ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕವಲು ಮದ್ದೂರು ಚೆಕ್‌ಪೋಸ್ಟ್, ಮೂಲೆಹೊಳೆಗಳ ಮೂಲಕ ವಯನಾಡಿಗೆ ಹೋಗುತ್ತದೆ (ಮಂಡ್ಯದವರು ಕ್ಷಮಿಸಬೇಕು, ಇದು ವಡೆ ಸಿಗುವ ಮದ್ದೂರಲ್ಲ). ಇನ್ನೊಂದು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರ, ಕೆಕ್ಕನಹಳ್ಳಗಳನ್ನು ದಾಟಿ ಮುದುಮಲೆಯ ಮೂಲಕ ಊಟಿಗೆ ಹೋಗುತ್ತದೆ. ಎರಡೂ ಹುಲಿ ಸಂರಕ್ಷಿತ ಪ್ರದೇಶದ ನಡುವೆಯೇ ಹಾಯುತ್ತವೆ. ವಾಹನಗಳಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಏರುತ್ತಿದ್ದುದರಿಂದ 2009ರಲ್ಲಿ ಜಿಲ್ಲಾಡಳಿತ ಇವೆರಡರಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಗೊತ್ತುಪಡಿಸಿದ ಕೆಲವು ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ಹೀಗಾಗಿ ರಾತ್ರಿ ಎಂಟೂವರೆಯ ಸುಮಾರಿಗೆ ಗುಂಡ್ಲುಪೇಟೆಯಲ್ಲಿ ಒಂದು ಧಾವಂತ ಕಾಣಿಸುತ್ತದೆ. ಗೇಟು ಮುಚ್ಚುವ ಮೊದಲು ದಾಟಿಬಿಡಬೇಕೆನ್ನುವ ಕಾರುಗಳು ಹಾರನ್ ಹೊಡೆಯುತ್ತಾ ನುಗ್ಗುತ್ತವೆ, ದಾಟಲಾಗದ ಲಾರಿಗಳು ರಸ್ತೆಬದಿಯಲ್ಲಿ ಸಾಲುಗಟ್ಟುತ್ತವೆ, ಚಾಲಕರು ಚಕ್ರದ ಪಕ್ಕ ಸ್ಟೌ ಹಚ್ಚಿ ಅನ್ನಕ್ಕಿಡುತ್ತಾರೆ. ಒಂಬತ್ತಾದ ಮೇಲೆ ದಕ್ಷಿಣದ ಕಡೆಯಿಂದ ಬರುವ ಇಂಜಿನ್ನಿನ ಸದ್ದು ಬಹುಮಟ್ಟಿಗೆ ನಿಂತುಹೋಗುತ್ತದೆ. ಎರಡು ರಾಷ್ಟ್ರೀಯ ಹೆದ್ದಾರಿಗಳು ದಿನವೂ ಒಂಬತ್ತು ಗಂಟೆ ಕಾಲ ಪ್ರಾಣಿಗಳಿಗೆ ಬಿಟ್ಟುಕೊಡಲ್ಪಡುವುದನ್ನು ಹತ್ತಿರದಿಂದ ಕಾಣಬೇಕೆಂದರೆ ಈ ಊರಿನಲ್ಲೇ ಉಳಿಯಬೇಕು. ಬೆಳಿಗ್ಗೆ ಆರಕ್ಕೆ ಗೇಟು ತೆರೆದಾಗ ಮುಂದಿನ ಸಾಲಿನಲ್ಲಿ ನಿಂತಿರುವುದು ತರಕಾರಿಯ ಲಾರಿಗಳೇ.

ಇನ್ನು ಕಾಡಂಚು. ಹಂಗಳದ ಆಚೆಯ ಹಳ್ಳಿಗಳಲ್ಲಿ ಹೊಲದ ಕೊನೆಯ ಬದುವೇ ಕಾಡಿನ ಗಡಿ. ನಡುವೆ ಆನೆ ಕಂದಕವಿದೆ, ಕೆಲವೆಡೆ ಸೋಲಾರ್ ತಂತಿಬೇಲಿ ಇದೆ, ಇನ್ನು ಕೆಲವೆಡೆ ಹಳೆಯ ರೈಲು ಕಂಬಿಗಳನ್ನು ನೆಟ್ಟು ಮಾಡಿದ ಗಟ್ಟಿ ಬೇಲಿ ಇದೆ. ರಾಗಿ ತೆನೆ ಬಲಿಯುವ ಕಾಲದಲ್ಲಿ ಪರಿಚಿತ ರೈತರೊಬ್ಬರೊಂದಿಗೆ ಅವರ ಹೊಲದ ಅಟ್ಟಣೆಯ ಮೇಲೆ ಕುಳಿತಿದ್ದೆ. ಬಿದಿರಿನ ಅಟ್ಟಣೆ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಕಂಬಳಿ, ದೊಡ್ಡ ಟಾರ್ಚು, ಪಟಾಕಿಯ ಪೊಟ್ಟಣ, ಬಡಿಯಲು ಒಂದು ಎಣ್ಣೆ ಡಬ್ಬ. ಕಂದಕದ ಒಂದು ಭಾಗವನ್ನು ಟಾರ್ಚಿನ ಬೆಳಕಿನಲ್ಲಿ ತೋರಿಸಿದರು: ಮಳೆಗೆ ಅಂಚಿನ ಮಣ್ಣು ಸಡಿಲವಾದಾಗ ಆನೆ ಕಾಲಿನಿಂದ ಅದನ್ನು ಒಳಕ್ಕೆ ಕೆಡವಿ ಇಳಿಜಾರು ಮಾಡಿಕೊಂಡು ದಾಟಿತ್ತು. ತಂತಿಬೇಲಿಯ ಕಥೆಯೂ ಅಷ್ಟೇ. ದಂತಕ್ಕೆ ಕರೆಂಟು ಹೊಡೆಯುವುದಿಲ್ಲವೆಂದು ಅರಿತ ಸಲಗ ದಂತದಿಂದಲೇ ತಂತಿಯನ್ನು ಹರಿಯುತ್ತದೆ, ಇಲ್ಲವೇ ಮರವನ್ನು ತಂತಿಯ ಮೇಲೆ ಉರುಳಿಸುತ್ತದೆ. "ಹಂದಿ ಬಂದ್ರ ಸದ್ದಾಯ್ತುದ ಕನ ಸಾ, ಆನ ಬಂದ್ರ ಏನೂ ಕೇಳಲ್ಲ. ರಾಗಿ ಮುರಿಯೋ ಸದ್ದು ಕೇಳ್ದಾಗ್ಲೇ ಗೊತ್ತಾಗೂದು" ಎಂದರು ಅವರು. ಅಂದು ಆನೆ ಬರಲಿಲ್ಲ. ಆದರೂ ಅವರು ಮಲಗಲಿಲ್ಲ, ಮರುದಿನ ಎಂದಿನಂತೆ ಹೊಲದ ಕೆಲಸಕ್ಕೆ ಇಳಿದರು. ತೆನೆ ಬಲಿತು ಕೊಯ್ಲಾಗುವವರೆಗೂ ಅವರ ಮನೆಯಲ್ಲಿ ಯಾರಾದರೊಬ್ಬರು ಹೀಗೆಯೇ ಕಾಯಬೇಕು. ಬೆಳೆಹಾನಿಗೆ ಸರ್ಕಾರದ ಪರಿಹಾರವಿದೆ, ಅರ್ಜಿ ಹಾಕುವ ವ್ಯವಸ್ಥೆಯೂ ಇದೆ; ಕಳೆದುಹೋದ ನಿದ್ದೆಗೆ ಯಾವ ಅರ್ಜಿಯಲ್ಲೂ ಕಲಂ ಇಲ್ಲ.

ಇದಕ್ಕಿಂತ ಕಠಿಣವಾದ ಸಂಗತಿಗಳೂ ಇಲ್ಲಿ ನಡೆದಿವೆ. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟದ ವಲಯದ ಚೌಡಹಳ್ಳಿಯ ಸುತ್ತಮುತ್ತ ಇಬ್ಬರನ್ನು ಕೊಂದ ಹುಲಿಯನ್ನು ಅರಣ್ಯ ಇಲಾಖೆಯವರು ಸಾಕಾನೆಗಳ ನೆರವಿನಿಂದ ಅಕ್ಟೋಬರ್‌ನಲ್ಲಿ ಸೆರೆಹಿಡಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬಿದ್ದ ದೊಡ್ಡ ಬೆಂಕಿಯ ಚಿತ್ರಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಂಕಿ ಆರಿಸಲು ಸುತ್ತಲಿನ ಊರುಗಳಿಂದಷ್ಟೇ ಅಲ್ಲದೆ ಮೈಸೂರು, ಬೆಂಗಳೂರುಗಳಿಂದಲೂ ಸ್ವಯಂಸೇವಕರು ಹೋಗಿದ್ದರು.

ಊರು ಮತ್ತು ಕಾಡಿನ ನಡುವಿನ ಲೆಕ್ಕದಲ್ಲಿ ಊರಿನವರು ಸದಾ ಕಳೆದುಕೊಳ್ಳುವವರೇ ಎಂದು ಹೇಳಿ ಕೈತೊಳೆದುಕೊಳ್ಳಲು ನಾನು ಸಿದ್ಧನಿಲ್ಲ. ದನಗಳ ವಿಷಯವನ್ನು ನೋಡಿ. ಕಾಡಂಚಿನ ಹಳ್ಳಿಗಳ ನಾಟಿ ದನಗಳು ಕಾಡಿನಲ್ಲಿ ಮೇಯುವುದು ಹೊಸದಲ್ಲ. ಹಾಲಿಗಲ್ಲ, ಗೊಬ್ಬರಕ್ಕೆಂದೇ ಅವುಗಳನ್ನು ಸಾಕುತ್ತಿದ್ದರು. ಆ ಗೊಬ್ಬರ ಅವರವರ ಹೊಲಕ್ಕೇ ಹೋಗುತ್ತಿತ್ತು. ಮೈಸೂರಿನಲ್ಲಿ ನೆಲೆಸಿರುವ ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮುಂದಿನ ಕಥೆಯನ್ನು ಹೇಳುತ್ತದೆ. 1990ರ ದಶಕದಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ಕೇರಳದ ತೋಟಗಳು ಈ ಹಳ್ಳಿಗಳ ಸಗಣಿಯನ್ನು ಲಾರಿಗಟ್ಟಲೆ ಕೊಳ್ಳತೊಡಗಿದವು, ಸಗಣಿ ಮಾರಾಟದ ಸರಕಾಯಿತು, ಮಾರುವ ಹಳ್ಳಿಗಳಲ್ಲಿ ದನಗಳ ಸಂಖ್ಯೆ ಹೆಚ್ಚಿತು, ಅವುಗಳ ಭಾರ ಜಿಂಕೆ, ಕಾಟಿಗಳು ಮೇಯುವ ಹುಲ್ಲಿನ ಮೇಲೆ ಬಿತ್ತು. ಕಾಡಿನಲ್ಲಿ ತಿಂದದ್ದನ್ನು ದನ ಸಗಣಿಯಾಗಿ ಹೊರತರುತ್ತದೆ, ಸಗಣಿ ಗಡಿ ದಾಟಿ ಕಾಫಿ ಗಿಡದ ಬುಡ ಸೇರುತ್ತದೆ. ಎಲ್ಲೋ ದೂರದ ಪೇಟೆಯಲ್ಲಿ ನಿಗದಿಯಾದ ಬೆಲೆಗೆ ಬಂಡೀಪುರದ ಹುಲ್ಲು ತೆರಿಗೆ ಕಟ್ಟಿದ ಹಾಗೆ. ಈ ವ್ಯವಹಾರದಲ್ಲಿ ರೈತನನ್ನು ಅಪರಾಧಿಯನ್ನಾಗಿಸುವುದು ಸುಲಭ. ಮಳೆ ಕೈಕೊಟ್ಟ ವರ್ಷ ಕೈಗೆ ಸಿಗುವ ನಗದು ಅದೊಂದೇ ಎಂಬುದನ್ನು ಅರಿತವರು ಅಷ್ಟು ಸುಲಭವಾಗಿ ತೀರ್ಪು ಕೊಡಲಾರರು.

ಕಾಡಿನ ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇನೆ. 1931ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಗಳಿಗೆಂದು ಕಾದಿರಿಸಲಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ವಿಸ್ತರಿಸಿದರು. ಗೋಪಾಲಸ್ವಾಮಿ ಬೆಟ್ಟದ ಮೇಲಿನ ದೇವರ ಹೆಸರಿನಿಂದಲೇ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಸಂರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದಾಗಿತ್ತು. 2022ರ ಗಣತಿಯ ಪ್ರಕಾರ ಅಲ್ಲಿ 150 ಹುಲಿಗಳಿವೆ. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಕಾರ್ಬೆಟ್ ಒಂದನ್ನು ಬಿಟ್ಟರೆ ಇದೇ ಹೆಚ್ಚು. ನಾಗರಹೊಳೆ, ವಯನಾಡು, ಮುದುಮಲೆಗಳು ಇದಕ್ಕೆ ತಾಗಿಕೊಂಡಿರುವುದರಿಂದ ಆನೆಗಳಿಗೆ ಈ ನಾಲ್ಕೂ ಒಂದೇ ಕಾಡು. ಬೇಸಿಗೆಯಲ್ಲಿ ಇಲ್ಲಿನ ಕೆರೆಕಟ್ಟೆಗಳು ಬತ್ತಿದರೆ ಅವು ಕಬಿನಿ ಹಿನ್ನೀರಿನ ಕಡೆಗೋ ಮೋಯಾರ್ ನದಿಯ ಕಡೆಗೋ ಸರಿಯುತ್ತವೆ.

ಊರನ್ನೂ ಹೊಲವನ್ನೂ ನೋಡಿದ ಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕು, ಮೊದಲಲ್ಲ. ಹಂಗಳದಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗಬೇಕು. ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕೆಂಬ ನಿಯಮ ಬಂದ ಮೇಲೆ ಬೆಟ್ಟಕ್ಕೆ ಸ್ವಲ್ಪ ಉಸಿರು ಬಂದಿದೆ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದ ಈ ಶಿಖರ ಬಂಡೀಪುರದಲ್ಲೇ ಎತ್ತರದ್ದು. ಗುಡಿ ಹೊಯ್ಸಳ ಬಲ್ಲಾಳನ ಕಾಲದ್ದೆಂದು ಹೇಳುತ್ತಾರೆ. ಕೊಳಲೂದುವ ಕೃಷ್ಣನ ವಿಗ್ರಹ, ಸಂತಾನವಿಲ್ಲದವರ ಹರಕೆ, ಎಪ್ಪತ್ತೇಳು ಕೊಳಗಳ ಐತಿಹ್ಯ, ಕಾಗೆ ಮಿಂದು ಹಂಸವಾದ ಹಂಸತೀರ್ಥದ ಕಥೆ ಎಲ್ಲವನ್ನೂ ಅಲ್ಲಿ ಅರ್ಚಕರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಗಮನ ಸೆಳೆಯಬಯಸುವುದು ಗುಡಿಯ ಹೊರಗಿನ ನೋಟದ ಕಡೆಗೆ. ಬೆಳಗಿನ ಮಂಜು ಒಂಬತ್ತರ ಹೊತ್ತಿಗೆ ಹರಿಯತೊಡಗಿದಾಗ ದಕ್ಷಿಣಕ್ಕೆ ಹುಲ್ಲುಗಾವಲಿನ ಇಳಿಜಾರುಗಳು, ಅವುಗಳ ಮಡಿಕೆಗಳಲ್ಲಿ ಶೋಲೆ ಎನ್ನುವ ಕಣಿವೆ ಕಾಡಿನ ದಟ್ಟ ಹಸಿರು, ಅದರಾಚೆ ನೀಲಗಿರಿ ಕಾಣುತ್ತವೆ. ಎಲ್ಲರ ಮೊಬೈಲುಗಳೂ ಆ ಕಡೆಗೇ ತಿರುಗಿರುತ್ತವೆ. ಸ್ವಲ್ಪ ಉತ್ತರಕ್ಕೆ ತಿರುಗಿ ನೋಡಿದರೆ ಕಾಡು ಗೆರೆ ಎಳೆದಂತೆ ನಿಂತುಹೋಗಿ ಉತ್ತ ಹೊಲದ ಕೆಂಪು, ಬಾಳೆಯ ಹಸಿರು, ಹೂವಿನ ಹಳದಿ, ನಡುನಡುವೆ ತಗಡಿನ ಮಿಂಚು ಶುರುವಾಗುತ್ತವೆ. ಗೆರೆಯ ಈಚೆಗೂ ಆಚೆಗೂ ನಡುವೆ ಇರುವುದು ಆ ಕಂದಕ ಮಾತ್ರ. ಅಟ್ಟಣೆಯ ಮೇಲೆ ಒಂದು ರಾತ್ರಿ ಕುಳಿತವರಿಗೆ ಆ ಗೆರೆಯ ಪ್ರತಿ ತಿರುವಿನಲ್ಲೂ ಒಂದೊಂದು ಮನೆತನವಿದೆ ಎಂಬುದು ಹೊಳೆಯುತ್ತದೆ. ಕಾರಿನಿಂದ ಇಳಿದು ನೇರವಾಗಿ ಬೆಟ್ಟವೇರಿದವರಿಗೆ ಅದು ಬರಿಯ ನೋಟವಾಗಿ ಉಳಿಯುತ್ತದೆ.

ಕೆಲವು ವ್ಯವಹಾರದ ಮಾತುಗಳು. ಹೂವು ನೋಡಬೇಕೆನ್ನುವವರು ಜೂನ್, ಜುಲೈನಲ್ಲಿ ಹೋಗಬೇಕು. ಕಾಡಿನ ಹಸಿರು ಬೇಕಾದವರಿಗೆ ಅಕ್ಟೋಬರ್, ನವೆಂಬರ್ ಸರಿ. ಫೆಬ್ರುವರಿ, ಮಾರ್ಚಿನಲ್ಲಿ ಎಲೆಯುದುರಿದ ಕಾಡು ಬೂದು ಬಣ್ಣಕ್ಕೆ ತಿರುಗಿ ಮುತ್ತುಗ ಮಾತ್ರ ಕೆಂಪಗೆ ಹೂಬಿಟ್ಟಿರುತ್ತದೆ. ಆ ಒಣ ಚೆಲುವನ್ನು ಮೆಚ್ಚುವವರು ನಮ್ಮಲ್ಲಿ ಕಡಿಮೆ, ಅದು ಬೆಂಕಿಯ ಭಯದ ಕಾಲವೂ ಹೌದು, ಬೀಡಿ ಸಿಗರೇಟಿನ ಕಿಡಿ ಸಾಕು. ಶನಿವಾರ ಭಾನುವಾರಗಳನ್ನು ಬಿಡಿ. ಊರಿನಲ್ಲಿ ಸಾಧಾರಣ ಲಾಡ್ಜುಗಳಿವೆ, ಈಜುಕೊಳವಿಲ್ಲ. ಕಾಡಂಚಿನಲ್ಲಿ ಅನುಮತಿಯಿಲ್ಲದೆ ಎದ್ದ ಹೋಂಸ್ಟೇಗಳಿಗಿಂತ ಇವುಗಳಲ್ಲಿ ಇಳಿದುಕೊಳ್ಳುವುದು ಮೇಲು. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ, ಹೊಸ ಕಟ್ಟಡಗಳಿಗೆ ಕಟ್ಟುಪಾಡುಗಳಿವೆ, ಮೀರುವವರಿಗೆ ನಮ್ಮ ದುಡ್ಡೇ ಬಂಡವಾಳ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು, ಕೋತಿಗೆ ಬಾಳೆಹಣ್ಣು ಎಸೆಯಬಾರದು ಎಂದು ಫಲಕಗಳು ಹೇಳುವುದನ್ನು ನಾನು ಮತ್ತೆ ಹೇಳುವುದಿಲ್ಲ. ಹೊಲಕ್ಕೆ ಇಳಿಯುವ ಮುನ್ನ ಯಜಮಾನರನ್ನು ಕೇಳಿ, ಅಷ್ಟು ಸಾಕು. ನೂರಕ್ಕೆ ತೊಂಬತ್ತು ಸಲ ಅವರೇ ಎಳನೀರು ಕೆಡವಿ ಕೊಡುತ್ತಾರೆ.

ಉಪನ್ಯಾಸದ ಕೊನೆಯಲ್ಲಿ ಕೆಲವರು ಪ್ರಶ್ನೆಗಳನ್ನು ಕೇಳಿದರು. ರಾತ್ರಿ ಸಂಚಾರ ನಿಷೇಧವನ್ನು ತೆಗೆದು ಮೇಲ್ಸೇತುವೆ ಕಟ್ಟಿದರೆ ಎರಡೂ ಕಡೆಯವರಿಗೆ ಒಳ್ಳೆಯದಲ್ಲವೇ ಎಂಬುದು ಒಂದು ಪ್ರಶ್ನೆ. ಕೇರಳದ ಕಡೆಯಿಂದ ಆ ಬೇಡಿಕೆ ಬಹುಕಾಲದಿಂದ ಇದೆ, ವಯನಾಡಿನ ರೋಗಿಗಳ, ವ್ಯಾಪಾರಿಗಳ ತೊಂದರೆ ಸುಳ್ಳಲ್ಲ. ಆದರೆ ಸೇತುವೆಯ ಕಂಬಗಳನ್ನು ನೆಡಲು ವರ್ಷಗಟ್ಟಲೆ ಕಾಡಿನ ನಡುವೆ ನಡೆಯಬೇಕಾದ ಕೆಲಸ, ಕಡಿಯಬೇಕಾದ ಮರ, ಆ ಅವಧಿಯಲ್ಲಿ ಓಡಾಡುವ ಯಂತ್ರಗಳನ್ನು ಲೆಕ್ಕಕ್ಕೆ ಹಿಡಿದರೆ, ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಹೋಗುವ ಬದಲಿ ದಾರಿಯನ್ನು ಚೆನ್ನಾಗಿ ಇಟ್ಟುಕೊಳ್ಳುವುದೇ ಸರಿಯೆಂದು ನನಗೆ ತೋರುತ್ತದೆ ಎಂದು ಉತ್ತರಿಸಿದೆ. ಸಭೆಯಲ್ಲಿ ಇದಕ್ಕೆ ಒಪ್ಪದವರೂ ಇದ್ದರು. ಹೋಟೆಲು ನಡೆಸುವ ಹಿರಿಯರೊಬ್ಬರು ರಾತ್ರಿ ವ್ಯಾಪಾರ ಬಿದ್ದುಹೋದ ಗುಂಡ್ಲುಪೇಟೆಯ ಅಂಗಡಿಗಳವರನ್ನೂ ಕೇಳಬೇಕಿತ್ತು ಎಂದರು. ಆ ಮಾತಿನಲ್ಲಿ ನ್ಯಾಯವಿದೆ. ಗೇಟಿನ ಮುಂದೆ ತಂಗುವ ಲಾರಿಗಳಿಂದ ಕೆಲವರಿಗೆ ವ್ಯಾಪಾರ ಕುದುರಿದ್ದೂ ಇದೆ, ರಾತ್ರಿಯ ಬಸ್ಸುಗಳನ್ನು ನಂಬಿದ್ದವರಿಗೆ ನಷ್ಟವಾದದ್ದೂ ಇದೆ.

ಕಾರಿಲ್ಲದವರು ಹೋಗಬಹುದೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಖಂಡಿತ ಹೋಗಬಹುದು, ಹಾಗೆ ಹೋಗುವುದೇ ಒಳ್ಳೆಯದು. ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಿಂದ ದಿನವಿಡೀ ಬಸ್ಸುಗಳಿವೆ. ಊಟಿ, ಕೋಯಿಕ್ಕೋಡಿನ ಬಸ್ಸುಗಳಲ್ಲಿ ಸೀಟು ಸಿಗದಿದ್ದರೆ ಗುಂಡ್ಲುಪೇಟೆಯವರೆಗೆ ಮಾತ್ರ ಹೋಗುವ ಬಸ್ಸನ್ನು ಹತ್ತಿ. ಅದು ಬೇಗೂರಿನಲ್ಲೂ ದಾರಿಯ ಹಳ್ಳಿಗಳಲ್ಲೂ ನಿಂತು ಹೋಗುವುದರಿಂದ ಸ್ವಲ್ಪ ತಡವಾಗುತ್ತದೆ. ಬೆಟ್ಟದ ಬಸ್ಸುಗಳು ಸಂಜೆಯ ಮುಂಚೆಯೇ ನಿಂತುಹೋಗುತ್ತವೆ, ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ. ಆದ್ದರಿಂದ ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಊಟಕ್ಕೆ ಊರಿಗೆ ಇಳಿದು ಬನ್ನಿ.